ಅಧ್ಯಕ್ಷರು ಅಂಗಡಿಕಾರರಾದ ಪಾಠ

ಶಾಲೆಯ ಅಧ್ಯಕ್ಷ ಗುರುಶಾಂತಪ್ಪನವರು ಹತ್ತನೇ ಕ್ಲಾಸಿಗೇ ಬಂದು ಕೂತರು. ಊರಿನ ದೊಡ್ಡ ಬಟ್ಟೆ ಅಂಗಡಿ ಅವರದು. ಮಕ್ಕಳ ಯೂನಿಫಾರ್ಮನ್ನೂ ಅಲ್ಲೇ ಕೊಳ್ಳಬೇಕು.

"ವ್ಯಾಪಾರ ಪುಸ್ತಕದಿಂದ ಬರ್ತೈತೇನ್ರೀ ಮಾಸ್ತರ? ನನ್ನೆದುರು ಪಾಠ ಮಾಡ್ರಿ. ಮಕ್ಕಳು ಸರಿ ಉತ್ತರ ಕೊಡದಿದ್ರ ನಾಳೆಯಿಂದ ಬರಬ್ಯಾಡ್ರಿ."

ವ್ಯವಹಾರ ಅಧ್ಯಯನದ ಮೇಷ್ಟ್ರು ಪುಸ್ತಕ ಕೈಗೆತ್ತಿಕೊಂಡರು. "ಇವತ್ತು ಗ್ರಾಹಕರ ಹಕ್ಕಿನ ಪಾಠ ಐತ್ರಿ. ಅಂಗಡಿಕಾರರ ಪಾತ್ರ ನೀವೇ ಮಾಡ್ರಿ ಸರ್," ಅಂದರು.

ಅಧ್ಯಕ್ಷರು ಉಬ್ಬಿ ಮೇಜಿನ ಹಿಂದೆ ನಿಂತರು. ಗಿರಾಕಿಯಾಗಿ ಬಂದ ವಿದ್ಯಾರ್ಥಿನಿ ಹುಲಿಗೆಮ್ಮ ತನ್ನ ಯೂನಿಫಾರ್ಮ್ ಅಂಗಿಯ ತೋಳು ಚಾಚಿದಳು. "ಸಾವ್ಕಾರ್ರ, ಒಂದೇ ಸಲ ಒಗದ್ರ ಬಣ್ಣ ಹೋತ್ರಿ. ಬದಲಿ ಕೊಡ್ರಿ."

ಅಭ್ಯಾಸದ ಬಾಯಿ ಅಂದುಬಿಟ್ಟಿತು: "ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ಲ. ಬೋರ್ಡ್ ಓದಿಲ್ಲೇನು?"

ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. "ಇದು ಸರಿಯೇನು?"

ಇಡೀ ಕ್ಲಾಸು ಎದ್ದು ನಿಂತಿತು. ಎಲ್ಲರ ಅಂಗಿಯೂ ಬಿಳಿಚಿಕೊಂಡಿತ್ತು.

"ತಪ್ಪು ಸರ್. ಕೆಟ್ಟ ಮಾಲು ಬದಲಿಸಿ ಕೊಡಬೇಕು."

ಮೇಷ್ಟ್ರು ಪಠ್ಯಪುಸ್ತಕದ ಅದೇ ಪುಟ ತೆರೆದು ಅಧ್ಯಕ್ಷರ ಮುಂದಿಟ್ಟರು. "ಮಕ್ಕಳ ಉತ್ತರ ಸರಿ ಐತೇನ್ರಿ ಸರ್?"

ಅಧ್ಯಕ್ಷರು ಪುಟ ನೋಡಿದರು, ಅಂಗಿಗಳನ್ನು ನೋಡಿದರು, ಕುತ್ತಿಗೆ ಒರೆಸಿಕೊಂಡರು. "ಸರಿ ಐತಿ."

ಮರುದಿನ ಮೇಷ್ಟ್ರು ಎಂದಿನಂತೆ ಪಾಠಕ್ಕೆ ಹೊರಟರು. ದಾರಿಯಲ್ಲಿದ್ದ ಅಧ್ಯಕ್ಷರ ಬಟ್ಟೆ ಅಂಗಡಿಯ ಗೋಡೆಯಲ್ಲಿ 'ಮಾರಿದ ಮಾಲು ವಾಪಸ್ ಇಲ್ಲ' ಎಂಬ ಬೋರ್ಡ್ ಇರಲಿಲ್ಲ. ಅದು ಇದ್ದಷ್ಟು ಜಾಗದ ಸುಣ್ಣ ಮಾತ್ರ ಹೊಸದರಂತೆ ನೀಲಿಯಾಗಿತ್ತು. ಆ ಅಂಗಡಿಯಲ್ಲಿ ಮಾಸದೆ ಉಳಿದ ಬಣ್ಣ ಅದೊಂದೇ.