ದಾರಿ ನನ್ನದು ಎಂದ ಹುಂಜ

ಕೇಳಿ ಮಕ್ಕಳೇ, ಕಾಡಿನ ನಡುವೆ ಒಂದು ದೊಡ್ಡ ಕೆರೆ. ಗಾಳಿ ಚೆನ್ನಾಗಿ ಬೀಸಿದ ದಿನ ಅಲ್ಲಿನ ಪ್ರಾಣಿಗಳ ಕೈಕಾಲು ಸುಮ್ಮನಿರುತ್ತಿರಲಿಲ್ಲ. ಬಾಳೆದಿಂಡಿನ ದೋಣಿ ಕಟ್ಟಿ, ಬಾಳೆಲೆಯ ಹಾಯಿ ಏರಿಸಿ ಪಂದ್ಯಕ್ಕೆ ಇಳಿದೇಬಿಡುತ್ತಿದ್ದವು.

ಪಂದ್ಯ ಶುರುಮಾಡಲು ಗಂಟೆಯಿಲ್ಲ, ಪೀಪಿಯಿಲ್ಲ. ಮೊಲರಾಯ ತನ್ನ ದೋಣಿಯನ್ನು ಎಲ್ಲರ ಮುಂದೆ ಅಡ್ಡಲಾಗಿ ನಡೆಸಿಕೊಂಡು ಹೋಗುತ್ತಿದ್ದ. ಅವನ ದೋಣಿಯ ಹಿಂದಿನಿಂದ ದಾಟಿದರೆ ಸರಿ, ಪಂದ್ಯಕ್ಕೆ ಹೊರಟ ಹಾಗೆ. ತೀರ್ಪು ಹೇಳುವವರೂ ಇರಲಿಲ್ಲ. ಎರಡು ದೋಣಿ ಎದುರಾದರೆ, ತನ್ನ ಬಲಗಡೆಯಿಂದ ಗಾಳಿ ಬೀಸುತ್ತಿರುವ ದೋಣಿಗೆ ದಾರಿ. ಎಡಗಡೆಯಿಂದ ಗಾಳಿ ಇದ್ದವರು ಸರಿಯಬೇಕು. ಇಷ್ಟೇ ಕಾನೂನು.

ಕೆಂಜುಟ್ಟ ಎಂಬ ಕಾಡುಹುಂಜ ಈ ಕಾನೂನನ್ನು ಬಾಯಿಪಾಠ ಮಾಡಿಕೊಂಡಿದ್ದ. ಈಜು ಮಾತ್ರ ಬರುತ್ತಿರಲಿಲ್ಲ! ಪಾಪ, ಒಮ್ಮೆಯೂ ಗೆದ್ದವನಲ್ಲ. "ಇವತ್ತು ಬಿಡೋದಿಲ್ಲ" ಎಂದು ಹಾಯಿ ಬಿಗಿದ.

ಮೊಲರಾಯನ ಹಿಂದೆ ದಾಟಿದ್ದೇ ತಡ, ಕೆಂಜುಟ್ಟನ ದೋಣಿಯೇ ಮುಂದೆ! ಬಲಗಡೆಯಿಂದ ಒಳ್ಳೆಯ ಗಾಳಿ. ಅಷ್ಟರಲ್ಲಿ ನೀರುನಾಯಿ ಗಂಗಜ್ಜಿಯ ದೋಣಿ ಎಡಗಾಳಿಯಲ್ಲಿ ಅಡ್ಡ ಬಂತು. ಈಜು ಬಲ್ಲವಳಿಗೆ ದೋಣಿ ಯಾಕೆ ಅಂತೀರಾ? ಅವಳಿಗೂ ಆಸೆ ಇರಬಾರದೇ!

"ಪಕ್ಕಕ್ಕೆ ಹೋಗು ಅಜ್ಜೀ! ದಾರಿ ನನ್ನದು!"

"ಹಾಯಿಯ ಹಗ್ಗ ಸಿಕ್ಕಿಹಾಕ್ಕೊಂಡಿದೆ ಕಣೋ! ಈ ಒಂದು ಸಲ ನೀನೇ ತಿರುಗಿಸ್ಕೋ!"

ತಿರುಗಲು ಬೇಕಾದಷ್ಟು ಜಾಗವಿತ್ತು. ಚುಕ್ಕಾಣಿ ಸ್ವಲ್ಪ ಒತ್ತಿದ್ದರೆ ಆಗಿತ್ತು. ಆದರೆ ತಿರುಗಿದರೆ ಹಿಂದೆ ಬೀಳುತ್ತೇನಲ್ಲ!

"ಅದೆಲ್ಲ ನನಗೆ ಗೊತ್ತಿಲ್ಲ. ಕಾನೂನು ಅಂದ್ರೆ ಕಾನೂನು!"

ಧಡ್! ಕೆಂಜುಟ್ಟನ ದೋಣಿ ಮಗುಚಿಕೊಂಡಿತು. ರೆಕ್ಕೆ ನೆನೆದು ಭಾರವಾಯಿತು. "ಕೊಕ್... ಕೊಕ್..." ಎನ್ನುವಷ್ಟರಲ್ಲಿ ಬಾಯಿತುಂಬ ನೀರು. ಅಯ್ಯೋ, ಸತ್ತೆ ಅಂದುಕೊಂಡ.

ಗಂಗಜ್ಜಿ ಹಿಂದೆಮುಂದೆ ನೋಡಲಿಲ್ಲ. ದೋಣಿ ಬಿಟ್ಟು ಧುಮುಕಿದಳು, ಅವನನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದಳು. ಬಿಸಿಲಿಗೆ ಕೂರಿಸಿ ರೆಕ್ಕೆ ಒರೆಸಿದಳು. ಅತ್ತ ಉಳಿದ ದೋಣಿಗಳೆಲ್ಲ ಮುಂದೆ ಹೋದವು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಕೆಂಜುಟ್ಟನ ಕಣ್ಣು ತುಂಬಿತು. "ಗುದ್ದಿದವನು ನಾನು ಅಜ್ಜೀ. ಬಯ್ಯೋದಿಲ್ವಾ?"

"ಯಾಕಪ್ಪಾ ಬಯ್ಯಲಿ? ದಾರಿ ನಿನ್ನದೇ ಆಗಿತ್ತು. ನಾನೇನು ಇಲ್ಲ ಅಂದೆನಾ?"

ಆ ಮಾತು ಕೇಳಿ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. "ದಾರಿ ನನ್ನದಿತ್ತು, ಜೀವ ನೀನು ಕೊಟ್ಟೆ. ಬದುಕಿರೋವರೆಗೂ ಮರೆಯೋದಿಲ್ಲ ಅಜ್ಜೀ" ಎಂದು ಅವಳ ಕಾಲು ಹಿಡಿದುಕೊಂಡ.

"ಏಳೋ ಮಾರಾಯ, ಮೊದಲು ಮೈ ಒಣಗಿಸ್ಕೋ" ಎಂದು ಗಂಗಜ್ಜಿ ನಕ್ಕಳು.

ನೀತಿ: ದಾರಿ ನಮ್ಮದೇ ಆದರೂ, ಎದುರಿನವರಿಗೆ ಸರಿಯಲು ಆಗದಿದ್ದಾಗ ನಾವೇ ಸರಿಯಬೇಕು.