ಹಕ್ಕಿಗುಡ್ಡಕ್ಕೆ ಒಳ್ಳೆಯ ಗಾಳಿ

ನದಿ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ ಗುಲಾಬಿ ಅಕ್ಕೋರು ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದರು. ಅವರ ಶಿಷ್ಯೆ ದಮಯಂತಿ ಪೇಟೆಯಲ್ಲಿ ಹಲ್ಲಿನ ಡಾಕ್ಟರು.

ದಮಯಂತಿಯ ಕ್ಲಿನಿಕ್ಕಿನ ಕಿಟಕಿಯಿಂದ ಕಡಲ ನಡುವಿನ ಹಕ್ಕಿಗುಡ್ಡ ಕಾಣುತ್ತಿತ್ತು. ಎದುರಿಗೆ ರೋಗಿ ಬಾಯಿ ತೆರೆದು ಮಲಗಿದ್ದಾಗಲೂ ಅವಳ ಕಣ್ಣು ಒಮ್ಮೆ ಆ ದ್ವೀಪದ ಕಡೆ ಓಡಿ ಬರುತ್ತಿತ್ತು.

ಒಂದು ಸಂಜೆ ಅಕ್ಕೋರು ಹೇಳಿದರು: "ಚುಕ್ಕಾಣಿ ನಿನ್ನ ಕೈಗೆ ಕೂತಿದೆ. ಇನ್ನು ಹಕ್ಕಿಗುಡ್ಡಕ್ಕೆ ಒಬ್ಬಳೇ ಹೋಗಿ ಬಾ."

ದಮಯಂತಿಗೆ ಕುಣಿಯುವಂತಾಯಿತು. "ಯಾವಾಗ ಅಕ್ಕೋರೆ?"

"ದಿನ ನೀನೇ ಹುಡುಕು. ಆ ದಿನವೇ ಯಾಕೆ ಅಂತ ನನಗೆ ಹೇಳು. ಸರಿ ಅನ್ನಿಸಿದರೆ ದೋಣಿ ಬಿಚ್ಚಿ ಕೊಡ್ತೇನೆ."

ಮರುದಿನವೇ ಅವಳು ಮೊಬೈಲು ಹಿಡಿದುಕೊಂಡು ಮರಳಿನಲ್ಲಿ ಓಡುತ್ತ ಬಂದಳು.

"ಸಿಕ್ಕಿತು ಅಕ್ಕೋರೆ! ಈ ಭಾನುವಾರ! ನೋಡಿ, ಇಡೀ ದಿನ ಸೂರ್ಯನ ಚಿತ್ರ. ಒಂದು ತುಂಡು ಮೋಡವೂ ಇಲ್ಲ."

"ಇದು ಯಾವ ಜಾಗದ ಹವಾಮಾನ?"

"ನಮ್ಮ ಪೇಟೆಯದು."

"ಹಾಗಾದರೆ ದೋಣಿಯನ್ನು ಬಸ್ ಸ್ಟ್ಯಾಂಡಿಗೆ ಹೊತ್ತುಕೊಂಡು ಹೋಗೋಣ."

ದಮಯಂತಿ ಹಣೆ ಚಚ್ಚಿಕೊಂಡಳು. ಮೋಡವಿಲ್ಲ ಎಂದು ಚಿತ್ರ ಹೇಳಿತ್ತು. ಗಾಳಿ ಎಷ್ಟು, ಅಲೆ ಎಷ್ಟು ಎಂದು ಅದು ಹೇಳಿಯೇ ಇರಲಿಲ್ಲ.

ಅವಳು ಕಡಲ ಗಾಳಿಯನ್ನೇ ತೋರಿಸುವ ತಾಣಗಳನ್ನು ಹುಡುಕಿದಳು. ಒಂದರಲ್ಲಿ ಬಾಣಗಳು, ಇನ್ನೊಂದರಲ್ಲಿ ಬಣ್ಣಗಳು, ಮತ್ತೊಂದರಲ್ಲಿ ನೀರಿನಂತೆ ಹರಿಯುವ ಗೆರೆಗಳು. ನೋಡನೋಡುತ್ತ ಊಟ ತಣ್ಣಗಾಯಿತು.

"ಅಕ್ಕೋರೆ, ಭಾನುವಾರವೇ! ಮೂರು ಆ್ಯಪ್ ನೋಡಿದೆ. ಮೂರರಲ್ಲೂ ಒಂದೇ ಮಾತು!"

"ಮೂವರೂ ತಾವೇ ಕಂಡು ಹೇಳಿದರಾ? ಒಬ್ಬನ ಬಾಯಿಂದ ಕೇಳಿ ಹೇಳಿದರಾ?"

ದಮಯಂತಿ ಮತ್ತೆ ಮೊಬೈಲು ತೆಗೆದಳು. ಅಲ್ಲೇ ಮರಳಿನ ಮೇಲೆ ಕುಳಿತು ಪ್ರತಿಯೊಂದರ ಒಳಹೊಕ್ಕು ಓದಿದಳು. ಮೂರಕ್ಕೂ ಅಂಕಿ ಬರುತ್ತಿದ್ದದ್ದು ದೂರದೇಶದ ಒಂದೇ ಕಂಪ್ಯೂಟರಿನ ಲೆಕ್ಕದಿಂದ.

"ಒಂದೇ ಪಾತ್ರೆಯ ಹಾಲು ಅಕ್ಕೋರೆ," ಎಂದಳು. "ಲೋಟ ಮಾತ್ರ ಬೇರೆ ಬೇರೆ."

"ಬೇರೆ ಪಾತ್ರೆ ಹುಡುಕು."

ಅವಳು ಹುಡುಕಿದಳು. ಬೇರೆಯೇ ಲೆಕ್ಕ ಹಾಕುವ ಇನ್ನೊಂದು ತಾಣ ಸಿಕ್ಕಿತು. ಮೀನುಗಾರರಿಗೆಂದು ಸರಕಾರ ದಿನವೂ ಕೊಡುವ ಎಚ್ಚರಿಕೆಯ ಪುಟವೂ ಸಿಕ್ಕಿತು. ಆದರೆ ಈ ಸಲ ಅವಳ ಮುಖ ಬಾಡಿತ್ತು.

"ಹಳೆಯ ತಾಣಕ್ಕೂ ಹೊಸ ತಾಣಕ್ಕೂ ಜಗಳ ಅಕ್ಕೋರೆ. ಇವತ್ತಿನ ಗಾಳಿಯನ್ನೇ ನೋಡಿ. ಹಳೆಯದು ಹನ್ನೆರಡು ಅನ್ನುತ್ತೆ. ಹೊಸದು ಆರು ಅನ್ನುತ್ತೆ."

"ನೀನು ಯಾರನ್ನು ನಂಬ್ತೀಯ?"

"ಆರನ್ನು."

"ಯಾಕೆ?"

"ಆರಾದರೆ ಆರಾಮಾಗಿ ಹೋಗಬಹುದಲ್ಲ!"

ಅಕ್ಕೋರು ಎದ್ದು ಸೆರಗು ಸಿಕ್ಕಿಸಿ, ನೀರಲ್ಲಿ ಮುಳುಗದಂತೆ ಕಾಯುವ ತೇಲುಅಂಗಿ ತೊಟ್ಟರು. ಅವಳಿಗೂ ಒಂದನ್ನು ಎಸೆದರು. "ನಡಿ. ನಿನ್ನ ಆರರಲ್ಲಿ ಒಂದು ಸುತ್ತು ಹೊಡೆದು ಬರೋಣ."

ಅಳಿವೆ ದಾಟುವ ಮೊದಲೇ ಗಾಳಿ ಹಾಯಿಯನ್ನು ಹಿಡಿಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ ಓಡಿತು. ನೀರು ಮುಖಕ್ಕೆ ರಾಚಿತು. ದಮಯಂತಿ ಖುಷಿಗೆ ಕಿರುಚಿದಳು. ಮರುಕ್ಷಣ ಹೆದರಿ ಕಿರುಚಿದಳು. ಹಾಯಿಯ ಹಗ್ಗ ಸಡಿಲಿಸಬೇಕೆಂದು ನೆನಪಾಗುವಷ್ಟರಲ್ಲಿ ದೋಣಿ ಮಗುಚಿತ್ತು.

ಇಬ್ಬರೂ ಮಗುಚಿದ ದೋಣಿಯ ಅಂಚು ಹಿಡಿದು ತೇಲಿದರು. ನೀರು ಬೆಚ್ಚಗಿತ್ತು.

"ಇದು ಆರಲ್ಲ ಅಕ್ಕೋರೆ!" ದಮಯಂತಿ ಉಪ್ಪುನೀರು ಉಗುಳುತ್ತ ಕೂಗಿದಳು.

"ಆರೇ."

"ಸುಳ್ಳು!"

"ಆರು ಏನು ಅಂತ ನೀನು ಕೇಳಲೇ ಇಲ್ಲ."

ದೋಣಿ ನೆಟ್ಟಗೆ ಮಾಡಿ ದಡ ಸೇರಿದ ಮೇಲೆ, ದಂಡೆಯಲ್ಲಿ ಬಿಟ್ಟು ಹೋಗಿದ್ದ ಮೊಬೈಲನ್ನು ಒದ್ದೆ ಕೈಯಲ್ಲೇ ಅವಳು ತೆರೆದಳು. ಪುಟದ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರ. ಹಳೆಯ ತಾಣ ಗಾಳಿಯನ್ನು ನಾಟ್‌ನಲ್ಲಿ, ಅಂದರೆ ಗಂಟೆಗೆ ಎಷ್ಟು ಕಡಲ ಮೈಲಿ ಎಂದು, ಅಳೆಯುತ್ತಿತ್ತು. ಹೊಸದು ಸೆಕೆಂಡಿಗೆ ಎಷ್ಟು ಮೀಟರ್ ಎಂದು ಅಳೆಯುತ್ತಿತ್ತು. ಹೊಸದರ ಆರು ಎಂದರೆ ಹಳೆಯದರ ಹನ್ನೆರಡು.

ದಮಯಂತಿಗೆ ನಗು ತಡೆಯಲಾಗಲಿಲ್ಲ. "ಜಗಳವೇ ಇಲ್ಲ ಅಕ್ಕೋರೆ! ಇಬ್ಬರೂ ಒಂದೇ ಮಾತು ಹೇಳ್ತಾ ಇದ್ದರು!"

"ಮಗುಚಿದ್ದು ಯಾರು ಹಾಗಾದರೆ?"

ಆಮೇಲೆ ಅವಳು ಇಂಥ ದಿನ ಹೊರಡುತ್ತೇನೆ ಎನ್ನುತ್ತ ಬರಲಿಲ್ಲ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮೊದಲು ಅಳಿವೆಗೆ ಬಂದು ನಿಲ್ಲುತ್ತಿದ್ದಳು. ಹಿಂದಿನ ದಿನ ತಾಣಗಳು ಹೇಳಿದ್ದನ್ನು ಎದುರಿಗಿದ್ದ ನೀರಿನ ಜೊತೆ ಹೋಲಿಸಿ ನೋಡುತ್ತಿದ್ದಳು. ಒಂದು ತಾಣ ಬೆಳಿಗ್ಗೆ ದಡದಿಂದ ಕಡಲಿಗೆ ಬೀಸುವ ನೆಲಗಾಳಿಯನ್ನು ಯಾವಾಗಲೂ ಕಡಿಮೆ ಹೇಳುತ್ತಿತ್ತು. ಇನ್ನೊಂದು ಗಾಳಿ ತಿರುಗುವ ಹೊತ್ತನ್ನು ಬಹುಮಟ್ಟಿಗೆ ಸರಿಯಾಗಿ ಹಿಡಿಯುತ್ತಿತ್ತು. ಮುಂದಿನ ವಾರದ ಮಾತು ಬಂದರೆ ಎರಡೂ ತೊದಲುತ್ತಿದ್ದವು. ನಾಳೆಯದಾದರೆ ಗಟ್ಟಿಯಾಗಿ ಹೇಳುತ್ತಿದ್ದವು.

ಅವಳ ಕಾತರ ಇಳಿಯಲಿಲ್ಲ. ಇನ್ನೂ ಏರಿತು. ರೋಗಿಗಳಿಗೆಲ್ಲ ಗಾಳಿಯ ಸುದ್ದಿ ಹೇಳತೊಡಗಿದಳು. ಬಾಯಲ್ಲಿ ಹತ್ತಿ ತುಂಬಿದ್ದರಿಂದ ಅವರು ಸುಮ್ಮನೆ ಕೇಳುತ್ತಿದ್ದರು.

ಒಂದು ಬುಧವಾರ ಸಂಜೆ ಅವಳು ಏದುಸಿರು ಬಿಡುತ್ತ ಬಂದಳು.

"ನಾಳೆ ಅಕ್ಕೋರೆ!"

"ನಾಳೆ ಗುರುವಾರ. ನೀನು ಭಾನುವಾರ ಅನ್ನುತ್ತಿದ್ದೆಯಲ್ಲ?"

"ಭಾನುವಾರ ನನಗೆ ರಜೆ ಇತ್ತು, ಅದಕ್ಕೇ ಅಂದೆ. ಗಾಳಿ ಇರೋದು ಗುರುವಾರ."

"ಕ್ಲಿನಿಕ್ಕು?"

"ಬಾಗಿಲು ಹಾಕ್ತೇನೆ. ಕೇಳಿ, ಬೆಳಿಗ್ಗೆ ನೆಲಗಾಳಿ ಹದವಾಗಿರುತ್ತೆ, ನನ್ನನ್ನು ಗುಡ್ಡಕ್ಕೆ ತಳ್ಳುತ್ತೆ. ಮಧ್ಯಾಹ್ನಕ್ಕೆ ಗಾಳಿ ತಿರುಗಿ ಕಡಲಿಂದ ಬರುತ್ತೆ, ಮನೆಗೆ ತಳ್ಳುತ್ತೆ. ನಡುವೆ ಒಮ್ಮೆಲೇ ಜೋರಾಗಿ ಬೀಸೋದೂ ಇಲ್ಲ. ಎರಡು ಬೇರೆ ಲೆಕ್ಕ, ಎರಡೂ ಇದನ್ನೇ ಹೇಳ್ತಿವೆ. ಮೀನುಗಾರರಿಗೆ ಎಚ್ಚರಿಕೆಯೂ ಇಲ್ಲ. ಬೆಳಿಗ್ಗೆ ಎದ್ದು ಮತ್ತೊಮ್ಮೆ ನೋಡ್ತೇನೆ. ಬದಲಾಗಿದ್ದರೆ ಹೋಗೋದಿಲ್ಲ."

ಆ ಕೊನೆಯ ಮಾತಿಗಾಗಿಯೇ ಅಕ್ಕೋರು ಇಷ್ಟು ದಿನ ಕಾಯುತ್ತಿದ್ದರು.

ಬೆಳಿಗ್ಗೆ ಏನೂ ಬದಲಾಗಿರಲಿಲ್ಲ. ಅಕ್ಕೋರು ಹಗ್ಗ ಬಿಚ್ಚಿ ಅವಳ ಕೈಗೆ ಕೊಟ್ಟರು.

ಹಾಯಿ ಅಳಿವೆ ದಾಟಿತು. ಬಿಳಿ ಚುಕ್ಕೆಯಾಯಿತು. ಹಕ್ಕಿಗುಡ್ಡದ ಬೆನ್ನ ಹಿಂದೆ ಮರೆಯಾಯಿತು.

ದಂಡೆಯಲ್ಲಿ ಮೋಟಾರು ದೋಣಿ ಸಿದ್ಧವಾಗಿತ್ತು. ಅದನ್ನು ನಡೆಸುವ ಜಟ್ಟಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದ. ನೆಲಗಾಳಿ ನಿಂತಿತು. ಎಲೆಯೂ ಅಲುಗಲಿಲ್ಲ. ಗುಡ್ಡದ ಆಚೆಯಿಂದ ಹಾಯಿ ಹೊರಬರಲಿಲ್ಲ.

"ಅಕ್ಕೋರೆ, ಇಂಜಿನ್ ಶುರು ಮಾಡ್ಲಾ?"

"ಇರು. ಇದು ಗಾಳಿ ತಿರುಗೋ ಹೊತ್ತು. ಅವಳ ಹಾಯಿ ಜೋತುಬಿದ್ದಿರುತ್ತೆ."

"ಮತ್ತೆ ಬರದೇ ಹೋದರೆ?"

"ಅಲ್ಲಿ ದೂರದಲ್ಲಿ ನೀರು ಕಪ್ಪಾಗಬೇಕು. ಅದು ಗಾಳಿ ಬರುವ ಗುರುತು. ಆಮೇಲೂ ಹಾಯಿ ಕಾಣದಿದ್ದರೆ ಹೊರಡೋಣ."

ಮಾತು ಶಾಂತವಾಗಿತ್ತು. ಆದರೆ ಅಕ್ಕೋರ ಬೆರಳುಗಳು ತೇಲುಅಂಗಿಯ ಪಟ್ಟಿಯನ್ನು ಹಿಂಡುತ್ತಿದ್ದವು.

ದೂರದ ನೀರು ಕಪ್ಪಾಯಿತು. ಕಪ್ಪು ಗೆರೆ ದಡದ ಕಡೆ ಸರಿಯಿತು. ಜಟ್ಟಣ್ಣ ಮೋಟಾರು ದೋಣಿಗೆ ಹತ್ತಿದ. ಅಕ್ಕೋರೂ ಒಂದು ಕಾಲು ನೀರಿಗಿಟ್ಟರು.

ಆಗ ಗುಡ್ಡದ ಮಗ್ಗುಲಿನಿಂದ ಬಿಳಿ ಹಾಯಿ ಇಣುಕಿತು. ತುಂಬಿಕೊಂಡಿತು. ವಾಲಿತು. ನೇರವಾಗಿ ಅಳಿವೆಯ ಕಡೆ ಹಾರಿ ಬಂತು.

ದೋಣಿ ಮರಳು ಮುಟ್ಟುವ ಮೊದಲೇ ದಮಯಂತಿ ನೀರಿಗೆ ಹಾರಿದಳು. ಮುಖ ಕೆಂಪಾಗಿತ್ತು, ತಲೆಗೂದಲಲ್ಲಿ ಉಪ್ಪು ಹರಳುಗಟ್ಟಿತ್ತು. ಅಕ್ಕೋರ ಎರಡೂ ಕೈ ಹಿಡಿದು ಅಲ್ಲಾಡಿಸಿದಳು.

"ಹೇಳಿದ ಹಾಗೇ ಆಯ್ತು ಅಕ್ಕೋರೆ! ಹೇಳಿದ ಹೊತ್ತಿಗೇ ಗಾಳಿ ನಿಂತಿತು, ಹೇಳಿದ ದಿಕ್ಕಿನಿಂದಲೇ ಬಂತು! ಮುನ್ಸೂಚನೆ ಹೇಳಿದ್ದು ಒಂದೂ ತಪ್ಪಲಿಲ್ಲ!"

ಅಕ್ಕೋರು ಅವಳನ್ನು ಮರಳಿನ ಮೇಲೆ ಕೂರಿಸಿ, ತಾವೂ ಎದುರಿಗೆ ಕುಳಿತರು.

"ಅದು ನನಗೂ ಗೊತ್ತಿತ್ತು ತಂಗಿ. ಮುನ್ಸೂಚನೆ ಹೇಳದೇ ಇದ್ದದ್ದು ಏನೇನಾಯ್ತು, ಅದನ್ನು ಹೇಳು."