ಆಟೀನ್ ರಾಜನೂ ಎದುರಿನ ಕೈಯೂ

ಬ್ರಿಡ್ಜ್ ಆಡುತ್ತಿದ್ದ ಅನಸೂಯಮ್ಮನ ಕೈಯೊಳಗೆ ಆಟೀನ್ ರಾಜ ಗತ್ತಿನಿಂದ ಹೇಳಿದ: "ಹದಿಮೂರು ಪಟ್ಟಿನಲ್ಲಿ ಹನ್ನೆರಡನ್ನು ನಾವೇ ಗೆಲ್ಲುತ್ತೇವೆಂದು ಸ್ಲ್ಯಾಮ್ ಕೂಗಿಸೋಣ. ನಾನಿದ್ದೇನೆ, ರಾಣಿಯಿದ್ದಾಳೆ."

ಅದೇ ಕೈಯಲ್ಲಿದ್ದ ಕಳಾವರ್ ಎರಡು ಕೇಳಿತು: "ಎದುರು ಕೂತ ಜೊತೆಗಾರ್ತಿಯ ಕೈಯಲ್ಲಿ ಏನಿರಬಹುದು, ಪ್ರಭು? ಕೂಗುವಾಗ ಆಕೆ ಕಳಾವರ್ ಅಂದಳು, ಡೈಮನ್ ಅಂದಳು, ಮತ್ತೆ ಎರಡನ್ನೂ ಅಂದಳು. ಆಟೀನ್ ಹೆಸರೇ ಎತ್ತಲಿಲ್ಲ. ಅದು ಒಂದೂ ಇಲ್ಲವೇನೋ? ಉಳಿದದ್ದೆಲ್ಲ ಇಸ್ಪೀಟಿನ ಸಣ್ಣ ಎಲೆಗಳೇನೋ? ನಮ್ಮ ಕೈಯಲ್ಲೂ ಇಸ್ಪೀಟ್ ಸಣ್ಣವೇ."

"ಕಾಣದ್ದರ ಗೊಡವೆ ನಿನಗೇಕೆ?" ಎಂದ ರಾಜ.

ಅನಸೂಯಮ್ಮ ಸ್ಲ್ಯಾಮ್ ಕೂಗಿದರು. ಜೊತೆಗಾರ್ತಿ ಎಲೆಗಳನ್ನು ಮೇಜಿನ ಮೇಲೆ ಹರಡಿದಳು. ಆಟೀನ್ ಒಂದೂ ಇರಲಿಲ್ಲ; ಇಸ್ಪೀಟ್ ಇದ್ದದ್ದೆಲ್ಲ ಸಣ್ಣವೇ. ಎದುರಾಳಿಗಳು ಮೊದಲಿಗೇ ಇಸ್ಪೀಟಿನಲ್ಲಿ ಎರಡು ಪಟ್ಟು ಎತ್ತಿಕೊಂಡರು. ಉಳಿದದ್ದು ಹನ್ನೊಂದೇ; ಅಲ್ಲಿಗೆ ಸ್ಲ್ಯಾಮ್ ಮುರಿಯಿತು.

"ನಾನು ಇದ್ದೆನಲ್ಲ!" ಎಂದ ರಾಜ.

"ಇದ್ದಿರಿ, ಪ್ರಭು," ಎಂದಿತು ಎರಡು. "ತೂತು ಇದ್ದದ್ದು ಇಸ್ಪೀಟಿನಲ್ಲಿ."